ಅಪ್‌ಡೇಟ್: ಥ್ರೆಡ್ ಲಿಫ್ಟ್ ಮಾಡಿಸಿ ಎಂಟು ತಿಂಗಳಾಯ್ತು

ದವಡೆ ಪಕ್ಕ ಜೋತುಬಿದ್ದ ಚರ್ಮಕ್ಕೆ ಥ್ರೆಡ್ ಲಿಫ್ಟ್ (ಚರ್ಮದಡಿ ದಾರ ಹಾಕಿ ಮೇಲಕ್ಕೆ ಎಳೆಯೋದು) ಮಾಡಿಸಲಾ, ಹೈಫು (ಅಲ್ಟ್ರಾಸೌಂಡ್ ಶಾಖದಿಂದ ಚರ್ಮ ಬಿಗಿ ಮಾಡೋದು) ಸಾಕಾ ಅಂತ ಕಳೆದ ವರ್ಷ ಇಲ್ಲಿ ಕೇಳಿದ್ದೆ. ಏನಾಯ್ತು ಅಂತ ಕೆಲವರು ವಿಚಾರಿಸಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಗೆ ದಾರವೇ ಹಾಕಿಸಿಕೊಂಡೆ. ಪಿಡಿಒ ಅನ್ನೋ, ಮೈಯೊಳಗೇ ಕರಗುವ ದಾರ, ಒಂದೊಂದು ಕಡೆ ನಾಲ್ಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ. ಆದರೆ ಚರ್ಮದಡಿ ದಾರ ಎಳೆಯುವಾಗ ಕಿವಿ ಹತ್ತಿರ ಕರಕರ ಸದ್ದು ಬರುತ್ತೆ ನೋಡಿ, ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ! ಮೊದಲ ವಾರ ಆಕಳಿಸೋಕೂ ಭಯ. ಚಪಾತಿ ಅಗಿಯೋಕಾಗದೆ ಮುದ್ದೆಯೇ ಗತಿ. ಅದನ್ನು ಹೇಗೂ ನುಂಗೋದು ತಾನೆ. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿದ್ದಿತ್ತು, ಮೂರು ವಾರದಲ್ಲಿ ಸರಿಹೋಯಿತು.

ಎರಡನೇ ತಿಂಗಳು ಅಕ್ಕನ ಮಗಳ ಮದುವೆ. "ಸಣ್ಣ ಆಗಿದ್ದೀಯಾ?" ಅಂತ ಅತ್ತಿಗೆ ಕೇಳಿದರು. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಈಗ? ಎತ್ತಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ಇಳಿದುಹೋಗಿದೆ. ಈ ದಾರ ಸುಮಾರು ಆರು ತಿಂಗಳಲ್ಲಿ ಕರಗುತ್ತೆ. ಆಮೇಲೆ ಅದರ ಸುತ್ತ ಬೆಳೆದ ಕೊಲಾಜೆನ್ (ಚರ್ಮವನ್ನು ಬಿಗಿಯಾಗಿಡೋ ಪ್ರೋಟೀನ್) ಎಷ್ಟು ಹಿಡಿದರೆ ಅಷ್ಟು. ಕ್ಲಿನಿಕ್‌ನವರು "ಎರಡು ವರ್ಷ ಗ್ಯಾರಂಟಿ" ಅಂದಿದ್ದರು. ಈಗ ಕೇಳಿದರೆ "ನಿಮ್ಮ ಚರ್ಮ ಹಾಗೆ ಮೇಡಂ" ಅಂತ ಹೊಸ ಪ್ಯಾಕೇಜ್ ತೋರಿಸ್ತಾರೆ.

ಬೇರೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆ. ಅವರು ಕನ್ನಡಿ ಕೊಟ್ಟು, ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ದಾರವಾಗಲಿ ಹೈಫು ಆಗಲಿ, ಹೆಚ್ಚಾದ ಚರ್ಮವನ್ನು ತೆಗೆಯಲ್ಲ. ಇಷ್ಟಿದ್ದರೆ ಆಪರೇಷನ್ನೇ ಅಂದರು.

ನನಗೆ 56. ನಲವತ್ತರ ಆಸುಪಾಸಿನಲ್ಲಿದ್ದು, ಸ್ವಲ್ಪವೇ ಇಳಿದಿದ್ದರೆ ದಾರ ಪರವಾಗಿಲ್ಲ. ನಾನಂತೂ ಮತ್ತೆ ಹಾಕಿಸಲ್ಲ. ಸದ್ಯಕ್ಕೆ ಸನ್‌ಸ್ಕ್ರೀನ್, ರಾತ್ರಿ ರೆಟಿನಾಲ್ ಕ್ರೀಮ್, ಅಷ್ಟೇ.