ಕೈಬಿಗಿಯಿರುವಾಗ ಶ್ರವಣ ಸಾಧನ ಕೊಳ್ಳುವುದು: ಬಳಸಿದವರ ಅನುಭವಗಳು

ಪ್ರಶ್ನೆ: ನನ್ನ ತಂದೆಯವರಿಗೆ 72 ವರ್ಷ, ಎರಡೂ ಕಿವಿ ಮಂದವಾಗಿವೆ. ಪರೀಕ್ಷೆ ಮಾಡಿದವರು ತೋರಿಸಿದ ಜೋಡಿಯ ಬೆಲೆ ನಮ್ಮ ಮನೆಯ ನಾಲ್ಕು ತಿಂಗಳ ಸಂಪಾದನೆಯನ್ನು ಮೀರುತ್ತದೆ. ಅಗ್ಗದ್ದನ್ನು ಕೊಂಡರೆ ಹಣ ದಂಡವಾಗುತ್ತದೆಯೇ, ಒಂದೇ ಕಿವಿಗೆ ಹಾಕಿಸಿದರೆ ಸಾಕೇ, ಬೇರೆಯವರು ಬಳಸಿದ ಯಂತ್ರ ಆಗಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ತಾಯಿಗೆ ಯಂತ್ರ ಕೊಡಿಸಿದವರ ಉತ್ತರ:

ಯಾವ ಮಾದರಿ ಎಂಬ ವಿಚಾರದಲ್ಲೇ ಮುಳುಗಿ, ಅದನ್ನು ಯಾರು, ಹೇಗೆ ಹೊಂದಿಸಿಕೊಡುತ್ತಾರೆ ಎಂದು ಕೇಳದೇ ಹೋದದ್ದು ನನ್ನ ತಪ್ಪು. ಸಾಲ ಮಾಡಿ ತಂದ ದುಬಾರಿ ಜೋಡಿ ಎಂಟು ತಿಂಗಳು ಬೀರುವಿನಲ್ಲೇ ಇತ್ತು. ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದು ತಲೆಗೆ ಬಡಿಯುತ್ತದೆ, ಮಾತು ಮಾತ್ರ ಮೊದಲಿನಂತೆಯೇ ಇದೆ ಎನ್ನುತ್ತಿದ್ದರು. ‘ಬಿಸಿ ಇದೆ’ ಎಂದರೆ ಅವರಿಗೆ ‘ಬಿಡಿ ಇದೆ’ ಎಂದು ಕೇಳುತ್ತಿತ್ತು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಹೆಚ್ಚಿನ ಆವರ್ತನದ ಧ್ವನಿಗಳು, ಅಂದರೆ ಸ್ವರಗಳು ಕಿವಿಗೆ ಬಿದ್ದರೂ ಸಕಾರ, ಶಕಾರಗಳಂತಹ ವ್ಯಂಜನಗಳು ಜಾರಿಹೋಗುತ್ತವೆ; ಆದ್ದರಿಂದ ಒಟ್ಟು ಸದ್ದನ್ನು ಏರಿಸಿದ ಮಾತ್ರಕ್ಕೆ ಮಾತು ತಿಳಿಯಾಗುವುದಿಲ್ಲ. ಕೊನೆಗೆ ಬೇರೊಬ್ಬ ಆಡಿಯಾಲಜಿಸ್ಟ್ (ಶ್ರವಣ ಪರೀಕ್ಷೆ ಮಾಡಿ ಯಂತ್ರ ಹೊಂದಿಸುವ ತಜ್ಞರು), ಕಿವಿ ತಮಟೆಯ ಸಮೀಪದವರೆಗೆ ತೆಳ್ಳನೆಯ ಮೃದು ನಳಿಕೆಯೊಂದನ್ನು ಇಳಿಸಿ, ಯಂತ್ರದ ಸದ್ದು ಅಲ್ಲಿಗೆ ಎಷ್ಟು ತಲುಪುತ್ತಿದೆ ಎಂದು ಅಳೆದು, ಅದೇ ಯಂತ್ರವನ್ನು ಹೊಸದಾಗಿ ಹೊಂದಿಸಿದರು. ಇದನ್ನು ರಿಯಲ್ ಇಯರ್ ಮೆಷರ್‌ಮೆಂಟ್ ಎನ್ನುತ್ತಾರೆ. ಅರ್ಧ ಗಂಟೆಯ ಆ ಕೆಲಸ ಮೊದಲೇ ಆಗಿದ್ದರೆ ನಾನು ಅಷ್ಟು ದುಬಾರಿ ಜೋಡಿಯನ್ನು ಕೊಳ್ಳುತ್ತಲೇ ಇರಲಿಲ್ಲ.

ಹಾಗಾಗಿ, ಅಗ್ಗದ್ದಾದರೆ ಹಣ ದಂಡವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೊಂದಿಕೆ ಸರಿಯಿದ್ದರೆ ದಂಡವಲ್ಲ. ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25 ಮಂದಿ ಹಿರಿಯರಿಗೆ ಮೂಲಭೂತ ಹಾಗೂ ಉನ್ನತ ದರ್ಜೆಯ ಯಂತ್ರಗಳನ್ನು ಸಮಾನ ಎಚ್ಚರಿಕೆಯಿಂದ ಹೊಂದಿಸಿಕೊಟ್ಟಾಗ, ಮಾತು ಅರ್ಥವಾಗುವುದರಲ್ಲಿ ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲರದೂ ಅಲ್ಪದಿಂದ ಮಧ್ಯಮ ಪ್ರಮಾಣದ ಕಿವುಡು ಎಂಬುದನ್ನೂ ಗಮನಿಸಬೇಕು. ಮಾರುವವರು ಚಾನೆಲ್‌ಗಳ, ಅಂದರೆ ಯಂತ್ರ ಸದ್ದನ್ನು ಬೇರೆ ಬೇರೆಯಾಗಿ ಹೊಂದಿಸಲು ವಿಂಗಡಿಸುವ ಭಾಗಗಳ, ಸಂಖ್ಯೆ ಹೇಳಿ ಬೆಲೆ ಏರಿಸಿದರೆ ಆತುರಪಡಬೇಡಿ. ಯಂತ್ರಕ್ಕೆ ಎಷ್ಟು, ಪರೀಕ್ಷೆ ಮತ್ತು ಹೊಂದಿಕೆಗೆ ಎಷ್ಟು, ಮುಂದಿನ ಭೇಟಿಗಳಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹಿಂದಿನ ಪೀಳಿಗೆಯ ಮಾದರಿ ಉಳಿದಿದೆಯೇ, ಮನೆಗೆ ಒಯ್ದು ಕೆಲವು ವಾರ ಬಳಸಿ ನೋಡಬಹುದೇ, ಒಗ್ಗದಿದ್ದರೆ ಹಣ ಹಿಂದಿರುಗುತ್ತದೆಯೇ ಎಂದೂ ಕೇಳಿ. ಕೇಳುವುದಕ್ಕೆ ಸಂಕೋಚವಾಗುತ್ತದೆ, ನನಗೂ ಆಗಿತ್ತು.

ಇದೆಲ್ಲಕ್ಕಿಂತ ಮೊದಲು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ವೈದ್ಯರಿಗೆ ತೋರಿಸಿ.

ಹನ್ನೊಂದು ವರ್ಷಗಳಿಂದ ಯಂತ್ರ ಹಾಕಿಕೊಳ್ಳುತ್ತಿರುವವರ ಉತ್ತರ:

ನನ್ನ ಮೊದಲ ಯಂತ್ರ ಬೇರೆಯವರು ಬಳಸಿ ಬಿಟ್ಟದ್ದು. ಐದು ವರ್ಷ ಬಾಳಿತು. ಕಿವಿಯ ಹಿಂದೆ ಕೂರುವ ಮಾದರಿಯಾದರೆ ನಿಮ್ಮ ಅಳತೆಗೆ ಹೊಸ ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಮಾಡಿಸಿ, ನಿಮ್ಮ ಆಡಿಯೋಗ್ರಾಮ್‌ಗೆ (ಶ್ರವಣ ಪರೀಕ್ಷೆಯ ನಕ್ಷೆಗೆ) ತಕ್ಕಂತೆ ಮತ್ತೆ ಪ್ರೋಗ್ರಾಮ್ ಮಾಡಿಸಬಹುದು. ಕಿವಿಯೊಳಗೇ ಕೂರುವ ಪುಟ್ಟ ಮಾದರಿಯ ಕವಚವನ್ನು ಒಬ್ಬರ ಕಿವಿಗೆಂದೇ ಅಚ್ಚು ತೆಗೆದು ಮಾಡಿರುತ್ತಾರೆ, ಆದ್ದರಿಂದ ಅದರ ಗೋಜಿಗೆ ಹೋಗದಿರುವುದು ಲೇಸು. ಹಣ ಕೊಡುವ ಮುನ್ನ ಎರಡು ಸಂಗತಿ ಖಚಿತಪಡಿಸಿಕೊಳ್ಳಿ. ತಂದೆಯವರ ಕಿವುಡಿನ ಪ್ರಮಾಣಕ್ಕೆ ಆ ಯಂತ್ರದ ಶಕ್ತಿ ಸಾಲಬೇಕು. ಮತ್ತು ನಿಮ್ಮ ಆಡಿಯಾಲಜಿಸ್ಟ್ ಬಳಿ ಅದನ್ನು ತೆರೆಯುವ ಸಾಫ್ಟ್‌ವೇರ್ ಇರಬೇಕು. ಕೆಲವು ಯಂತ್ರಗಳು ಮಾರಿದ ಸಂಸ್ಥೆಯ ಸಾಫ್ಟ್‌ವೇರ್‌ಗೆ ಮಾತ್ರ ಬಾಗಿಲು ತೆರೆಯುತ್ತವೆ. ನನ್ನ ಎರಡನೆಯ ಯಂತ್ರ ಹಾಗೇ ಆಗಿ, ಕೊಟ್ಟ ಹಣ ನೀರುಪಾಲಾಯಿತು.

ಕೊಂಡ ಮೇಲಿನ ಖರ್ಚನ್ನೂ ಲೆಕ್ಕ ಹಾಕಿ. ಬಟನ್ ಸೆಲ್‌ಗಳು ಗಾಳಿಯಿಂದ ಕೆಲಸ ಮಾಡುವ ಸತುವಿನ ಬ್ಯಾಟರಿಗಳು: 10ನೇ ಅಳತೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ ಚೀಟಿ ಅಂಟಿಸಿರುತ್ತಾರೆ. ಸಂಖ್ಯೆ ನೋಡಬೇಡಿ, ಗಾತ್ರ ಏರುವುದು ಇದೇ ಕ್ರಮದಲ್ಲಿ; ಗಾತ್ರ ದೊಡ್ಡದಾದಷ್ಟೂ ಹೆಚ್ಚು ದಿನ ಬರುತ್ತದೆ, ನಡುಗುವ ಬೆರಳುಗಳಿಗೂ ಸುಲಭ. ಚೀಟಿ ಕಿತ್ತ ಕೂಡಲೇ ಯಂತ್ರಕ್ಕೆ ಹಾಕದೆ ಮೂರ್ನಾಲ್ಕು ನಿಮಿಷ ಗಾಳಿಗೆ ಬಿಡಬೇಕು. ಒಮ್ಮೆ ಕಿತ್ತರೆ, ಬಳಸಿದರೂ ಬಳಸದಿದ್ದರೂ ಅದು ಕರಗುತ್ತಲೇ ಇರುತ್ತದೆ. ಯಂತ್ರ ಸುಮ್ಮನಾದಾಗ ನಾನು ಮೊದಲು ನೋಡುವುದು ಸದ್ದು ಹೊರಬರುವ ತುದಿಯನ್ನು. ಬಹಳ ಸಲ ಅಲ್ಲಿ ಸಾಸಿವೆಯಷ್ಟು ಗುಗ್ಗೆ ಕೂತಿರುತ್ತದೆ, ಅದನ್ನು ಮೃದುವಾದ ಬ್ರಷ್‌ನಿಂದ ತೆಗೆದರೆ ರಿಪೇರಿಯ ಮಾತೇ ಇಲ್ಲ. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟರೆ ತೇವದ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಒಂದೇ ಕಿವಿಗೆ ಹಾಕಿಸುವುದಾದರೆ, ಮಾತು ಹೆಚ್ಚು ಸ್ಪಷ್ಟವಾಗಿ ಅರ್ಥವಾಗುವ ಕಿವಿಗೆ ಹಾಕಿಸಿ. ನಾನು ಮೂರು ವರ್ಷ ಹಾಗೆಯೇ ಕಳೆದೆ.

ಮತ್ತೊಬ್ಬರು:

ಕೊನೆಯ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಎರಡೂ ಕಿವಿ ಹೆಚ್ಚುಕಡಿಮೆ ಸಮನಾಗಿ ಮಂದವಾಗಿದ್ದರೆ, ಅದೇ ಹಣಕ್ಕೆ ದುಬಾರಿ ಒಂದರ ಬದಲು ಸಾಧಾರಣ ಎರಡನ್ನು ಕೊಳ್ಳುವುದು ಮೇಲು. ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದು ಎರಡು ಕಿವಿಗಳ ಹೋಲಿಕೆಯಿಂದಲೇ ಗೊತ್ತಾಗುತ್ತದೆ. ಒಂದನ್ನೇ ಹಾಕಿದ್ದಾಗ ನಮ್ಮ ಅತ್ತೆಯವರು ರಸ್ತೆ ದಾಟಲು ಹೆದರುತ್ತಿದ್ದರು. ಏನೂ ಕೊಳ್ಳಲಾಗದ ಸ್ಥಿತಿಯಿದ್ದರೆ, ಜೇಬಿನಲ್ಲಿಟ್ಟುಕೊಂಡು ಹೆಡ್‌ಫೋನ್ ಹಾಕಿಕೊಳ್ಳುವ ಧ್ವನಿವರ್ಧಕವನ್ನು ನೋಡಿ. ಗಲಾಟೆಯಲ್ಲಿ ಅದು ಉಪಯೋಗಕ್ಕೆ ಬಾರದು, ಎದುರುಬದುರು ಕೂತು ಮಾತನಾಡುವುದಕ್ಕೆ ಮತ್ತು ಟೀವಿಗೆ ಸಾಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಆಡಿಯೋಗ್ರಾಮ್‌ನ ಪ್ರತಿಯನ್ನು ಕೇಳಿ ಪಡೆದುಕೊಂಡೆ, ಕೊಡಲು ಸ್ವಲ್ಪ ಸತಾಯಿಸಿದರು. ಕಿವಿಯ ವೈದ್ಯರು ನೋಡಿದಾಗ ಎಡಗಿವಿಯಲ್ಲಿ ಗುಗ್ಗೆ ತುಂಬಿಕೊಂಡಿತ್ತು, ತೆಗೆದಿದ್ದಾರೆ. ಆ ಕಿವಿಯ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಂತೆ, ಗುರುವಾರ ಹೋಗುತ್ತಿದ್ದೇವೆ.