ಭಾನುವಾರ ನೋಡಿದ ಘಟಶ್ರಾದ್ಧದ ಬಗ್ಗೆ, ಮನೆಯವರೆಲ್ಲರಿಗೂ

ಎಲ್ಲರಿಗೂ ನಮಸ್ಕಾರ. ವಾಯ್ಸ್ ಮೆಸೇಜ್ ಕಳಿಸೋಣ ಅಂತಲೇ ಕೂತೆ. ಎರಡು ಸಲ ಮಾತಾಡಿ ಅಳಿಸಿದೆ. ಗಂಟಲು ಕಟ್ಟುತ್ತದೆ. ಅದಕ್ಕೆ ಮಾತಾಡುವ ಹಾಗೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರಸೊತ್ತಾದಾಗ ಓದಿ, ಆದರೆ ಪೂರ್ತಿ ಓದಿ.

ಭಾನುವಾರ ಬರಲಾಗದವರಿಗೆ ಏನಾಯಿತು ಅಂತ ಗೊತ್ತಿಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ಅಪ್ಪನ ಶ್ರಾದ್ಧ ಮುಗಿದು ಊಟ ಆಗಿತ್ತು. ಮಧ್ಯಾಹ್ನ ಎಲ್ಲರೂ ಹಾಲ್‌ನಲ್ಲಿ ಒರಗಿದ್ದೆವು. ತಮ್ಮನ ಮಗ ಟಿವಿಯಲ್ಲಿ ಘಟಶ್ರಾದ್ಧ ಅನ್ನುವ ಹಳೇ ಕನ್ನಡ ಚಿತ್ರ ಹಾಕಿದ. ಹನ್ನೊಂದು ಜನ ನೋಡಲು ಕೂತೆವು. ಕೊನೆಯವರೆಗೆ ಉಳಿದವರು ನಾಲ್ಕೇ ಜನ. ಆ ರಾತ್ರಿಯಿಂದ ಗ್ರೂಪಿನಲ್ಲಿ ಇದೇ ಮಾತು. ಚಿಕ್ಕಪ್ಪ ಬರೆದರು, ನಮ್ಮ ಪಾಠಶಾಲೆಯನ್ನು, ನಮ್ಮ ಆಚಾರವನ್ನು ಬೇಕೆಂದೇ ಹೀಯಾಳಿಸಿದ ಚಿತ್ರ ಅಂತ. ಭಾವ ಬರೆದರು, ಇಂಥವು ಪ್ರಶಸ್ತಿಗೆ ಅಂತಲೇ ಮಾಡುವ ಚಿತ್ರಗಳು, ಹಳೇ ಗಾಯ ಕೆರೆದು ಏನು ಪ್ರಯೋಜನ ಅಂತ. ತಂಗಿಯ ಮಗಳು, ತುಂಬಾ ಸ್ಲೋ, ನಿದ್ದೆ ಬಂತು ಅಂದಳು. ದೊಡ್ಡತ್ತಿಗೆ ಏನೂ ಬರೆಯಲಿಲ್ಲ, ಕೈಮುಗಿದ ಗುರುತೊಂದನ್ನು ಹಾಕಿದರು. ಚಿತ್ರ ಹಾಕಿದ ಹುಡುಗ ಪಾಪ, ನಿನ್ನೆ ಎಲ್ಲರ ಹತ್ತಿರ ಕ್ಷಮೆ ಕೇಳಿದ್ದಾನೆ. ಅವನು ಕ್ಷಮೆ ಕೇಳಬೇಕಾಗಿ ಬಂದದ್ದು ನನಗೆ ಸಹಿಸಲಾಗಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಚಿಕ್ಕಪ್ಪ, ಮೊದಲು ನಿಮಗೆ. ಅಣ್ಣನ ಶ್ರಾದ್ಧದ ದಿನ, ಎಲೆ ಎತ್ತಿದ ಹೊತ್ತಿಗೇ ಅಂಥ ಹೆಸರಿನ ಚಿತ್ರ ಹಾಕಿದ್ದು ನಿಮಗೆ ನೋವಾಗಿದೆ. ಅದು ನಿಜ. ದಿನ ಸರಿಯಿರಲಿಲ್ಲ, ಒಪ್ಪುತ್ತೇನೆ. ಆದರೆ ಹೊರಗಿನವರು ಬಂದು ನಮ್ಮನ್ನು ಹೀಯಾಳಿಸಿದರು ಅಂತ ಬರೆದಿರಲ್ಲ, ಅದು ಹಾಗಲ್ಲ. ಕಥೆ ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರು. ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಚಿತ್ರ ಮಾಡಿದ ಗಿರೀಶ್ ಕಾಸರವಳ್ಳಿಯವರೂ ಅದೇ ತಾಲೂಕಿನ ಕೆಸಲೂರಿನವರು. 1977ರಲ್ಲಿ ಅವರಿಗೆ 27 ವರ್ಷ. ಅದು ಅವರ ಮೊದಲ ಚಿತ್ರ. ಕಡಿಮೆ ದುಡ್ಡು, ಕಪ್ಪು ಬಿಳುಪು, ಹೆಸರಿರುವ ಹೀರೋ ಇಲ್ಲ. ನಮ್ಮ ತೋಟದ ದಾರಿಯಲ್ಲೇ ಓಡಾಡಿದವರು, ನಮ್ಮ ಹಾಗೇ ಅಂಗಳದಲ್ಲಿ ಅಡಿಕೆ ಹರಡಿದ್ದನ್ನು ನೋಡಿ ಬೆಳೆದವರು ಮಾಡಿದ ಚಿತ್ರ ಅದು.

ಅರ್ಧಕ್ಕೆ ಎದ್ದವರಿಗೆ ಕಥೆ ಹೇಳುತ್ತೇನೆ. ಮಲೆನಾಡಿನ ಒಂದು ಊರು. ಉಡುಪರು ಅಂತ ಒಬ್ಬರು ಮನೆಯಲ್ಲೇ ವೇದ ಪಾಠ ಹೇಳಿಕೊಡುತ್ತಾರೆ. ಅವರ ಮಗಳು ಯಮುನಾ, ಸಣ್ಣ ವಯಸ್ಸಿಗೇ ವಿಧವೆ. ಕಲಿಯಲು ಬರುವ ಚಿಕ್ಕ ಹುಡುಗ ನಾಣಿ. ದೊಡ್ಡ ಹುಡುಗರು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ, ಯಮುನಾ ಅವನನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತಾಳೆ. ಊರಿನ ಮೇಷ್ಟ್ರಿಂದ ಅವಳಿಗೆ ಬಸಿರಾಗುತ್ತದೆ. ಆಮೇಲೆ ಮೇಷ್ಟ್ರು ಜೊತೆಗಿರುವುದಿಲ್ಲ. ಅವಳು ಹುತ್ತಕ್ಕೆ ಕೈ ಹಾಕುತ್ತಾಳೆ, ಹಾವು ಕಚ್ಚಿ ಸಾಯಲಿ ಅಂತ. ಪಕ್ಕದಲ್ಲಿ ಆ ಮಗು ನಿಂತಿದೆ. ಕೊನೆಗೆ ಬಸಿರು ತೆಗೆಸುತ್ತಾರೆ. ಊರಿಗೆ ಗೊತ್ತಾಗುತ್ತದೆ. ಮಗಳು ಬದುಕಿರುವಾಗಲೇ ಅಪ್ಪ ಅವಳ ಶ್ರಾದ್ಧ ಮಾಡುತ್ತಾರೆ. ಅದೇ ಘಟಶ್ರಾದ್ಧ, ಘಟ ಅಂದರೆ ಕೊಡ. ಅವಳ ತಲೆ ಬೋಳಿಸಿ ಹೊರಗೆ ಹಾಕುತ್ತಾರೆ. ಅದೇ ಅಪ್ಪನಿಗೆ ಎಳೇ ಹುಡುಗಿಯೊಬ್ಬಳ ಜೊತೆ ಮದುವೆಯ ಮಾತು ನಡೆಯುತ್ತದೆ. ನಾಣಿಯನ್ನು ಅವನ ಅಪ್ಪ ಮನೆಗೆ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಮರದ ಕೆಳಗೆ ಯಮುನಾ ಒಬ್ಬಳೇ ಕೂತಿದ್ದಾಳೆ. ಹುಡುಗ ತಿರುಗಿ ತಿರುಗಿ ನೋಡುತ್ತಾನೆ.

ಇದರಲ್ಲಿ ಮಂತ್ರವನ್ನು ಎಲ್ಲಿ ಹೀಯಾಳಿಸಿದ್ದಾರೆ ಚಿಕ್ಕಪ್ಪ? ಹುಡುಗರು ಮಂತ್ರ ಹೇಳುವ ದನಿ ಎಷ್ಟು ಚೆನ್ನಾಗಿ ಕೇಳುತ್ತದೆ. ಕೇಳುತ್ತಾ ನನಗೆ ಅಪ್ಪನ ಬೆಳಗಿನ ಸಂಧ್ಯಾವಂದನೆಯೇ ನೆನಪಾಯಿತು. ಆ ದನಿ ಇರುವ ಮನೆಯಲ್ಲೇ ಒಂದು ಹೆಣ್ಣು ಅಷ್ಟು ಒಂಟಿಯಾಗಿದ್ದಾಳಲ್ಲ ಅನ್ನುವುದೇ ಅದರ ಸಂಕಟ.

ನಿಮ್ಮ ಮೆಸೇಜ್ ಓದಿದ ಮೇಲೆ ಅಪ್ಪನ ಕಪಾಟು ತೆಗೆದೆ. ಅವರ ಮನುಸ್ಮೃತಿ, ಕನ್ನಡ ಅರ್ಥ ಇರುವುದು, ಇನ್ನೂ ಅಲ್ಲೇ ಇದೆ. 11ನೇ ಅಧ್ಯಾಯದಲ್ಲಿ ಈ ಕೊಡದ ವಿಷಯ ಬರುತ್ತದೆ. ಪತಿತನಾದವನಿಗೆ, ಅಂದರೆ ಪಾಪ ಮಾಡಿ ಜಾತಿಯಿಂದ ಹೊರಬಿದ್ದವನಿಗೆ, ಬಂಧುಗಳು ಊರ ಹೊರಗೆ, ಸಂಜೆ ಹೊತ್ತಿನಲ್ಲಿ, ಸತ್ತವನಿಗೆ ಬಿಡುವ ಹಾಗೆ ನೀರು ಬಿಡಬೇಕು. ದಾಸಿಯೊಬ್ಬಳು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಮುಂದೆ ಓದಿ. ಅವನು ಪ್ರಾಯಶ್ಚಿತ್ತ ಮಾಡಿಕೊಂಡರೆ, ಅದೇ ಬಂಧುಗಳು ಅವನ ಜೊತೆ ಸ್ನಾನ ಮಾಡಿ, ಹೊಸ ಕೊಡದಲ್ಲಿ ನೀರು ತುಂಬಿ ಬಿಡಬೇಕು ಅಂತಿದೆ. ವಾಪಸ್ ಸೇರಿಸಿಕೊಳ್ಳಬೇಕು ಅಂತ. ಇನ್ನೂ ಮುಂದೆ, ಹೆಂಗಸರ ವಿಷಯ. ಅವರಿಗೂ ಇದೇ ವಿಧಿ, ಆದರೆ ಅನ್ನ, ನೀರು, ಬಟ್ಟೆ ಕೊಡಬೇಕು, ಅವರು ಮನೆಯ ಹತ್ತಿರವೇ ಇರಬೇಕು ಅಂತಿದೆ.

ನಾನು ಆ ಪುಟ ಓದಿ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಆ ಶಾಸ್ತ್ರದ ಮೊದಲ ಅರ್ಧವನ್ನೂ ನಾನು ಒಪ್ಪುವವಳಲ್ಲ. ಬದುಕಿರುವವರಿಗೆ ನೀರು ಬಿಡುವುದು ನನ್ನಿಂದ ಆಗದ ಮಾತು. ಆದರೆ ಶಾಸ್ತ್ರ ಶಾಸ್ತ್ರ ಅನ್ನುವ ಊರು ಉರುಳಿಸುವ ಕೊಡವನ್ನು ಮಾತ್ರ ನೆನಪಿಟ್ಟುಕೊಂಡಿತು. ತುಂಬುವ ಕೊಡವನ್ನು ಮರೆತಿತು. ಅನ್ನ ನೀರನ್ನೂ ಮರೆತಿತು. ಚಿತ್ರ ತೋರಿಸಿದ್ದು ಇದನ್ನೇ. ಇದನ್ನು ಧರ್ಮಕ್ಕೆ ಮಾಡಿದ ಅವಮಾನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪುಸ್ತಕ ನನ್ನ ಹತ್ತಿರವೇ ಇದೆ, ಬಂದು ನೋಡಿ.

ಭಾವ, ಹಿಂದೆಲ್ಲ ಇಂಥವನ್ನು ಸುಮ್ಮನೆ ಬಿಡುತ್ತಿರಲಿಲ್ಲ ಅಂತಲೂ ಬರೆದಿದ್ದಿರಿ. ಬಿಟ್ಟಿರಲಿಲ್ಲ, ನಿಜ. ಇದಕ್ಕೂ ಮೊದಲು, 1970ರಲ್ಲಿ, ಅನಂತಮೂರ್ತಿಯವರದ್ದೇ ಸಂಸ್ಕಾರ ಚಿತ್ರವಾದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದಿತ್ತು. ಮಾಧ್ವರ ಮನಸ್ಸು ನೋಯುತ್ತದೆ ಅನ್ನುವ ಮಾತಿತ್ತು. ಆಮೇಲೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ಚಿತ್ರ ಕನ್ನಡಕ್ಕೆ ಮೊದಲ ಸಲ ದೇಶದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದಿತು. ಅದನ್ನು ನೋಡಿ ಯಾರ ಆಚಾರವೂ ಕೆಡಲಿಲ್ಲ. ಘಟಶ್ರಾದ್ಧಕ್ಕೂ ಅದೇ ಪ್ರಶಸ್ತಿ, ಸ್ವರ್ಣಕಮಲ, ಬಂತು. ಬಿ.ವಿ. ಕಾರಂತರಿಗೆ ಸಂಗೀತಕ್ಕೆ, ನಾಣಿಯಾದ ಹುಡುಗನಿಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಆದರೆ ಬರೀ ಪ್ರಶಸ್ತಿಗೆ ಮಾಡಿದ ಚಿತ್ರವನ್ನು ಇಷ್ಟು ವರ್ಷ ಆದಮೇಲೆ ಯಾರೂ ಕಷ್ಟಪಟ್ಟು ಉಳಿಸಿಕೊಳ್ಳುವುದಿಲ್ಲ. 2024ರಲ್ಲಿ ಇದನ್ನು ಹೊಸದಾಗಿ ಶುದ್ಧ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್, ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸ. ನಾವು ಎದ್ದುಹೋದ ಚಿತ್ರವನ್ನು ಇಟಲಿಯಲ್ಲಿ ಜನ ಕೂತು ನೋಡಿದ್ದಾರೆ.

ಪುಟ್ಟಿ, ನಿನಗೆ ಬೇಜಾರಾಯಿತು ಅಂದೆ. ತಪ್ಪಿಲ್ಲ. ನಾನೂ ನಿನ್ನ ವಯಸ್ಸಿನಲ್ಲಿ ಇದನ್ನು ನೋಡುತ್ತಿರಲಿಲ್ಲ. ಇದು ಬಂದ ವರ್ಷವೇ ಬಭ್ರುವಾಹನ ಬಂದಿತ್ತು. ನಾವೆಲ್ಲ ಅದನ್ನು ನೋಡಿ ಬಂದು ವಾರಗಟ್ಟಲೆ ಅಂಗಳದಲ್ಲಿ ಕೋಲು ಹಿಡಿದು ಯುದ್ಧ ಮಾಡಿದ್ದೆವು. ನೀನು ಒಂದೇ ಒಂದು ಮಾಡು. ಇನ್ನೊಮ್ಮೆ ನೋಡುವಾಗ ನಾಣಿಯ ಮುಖ ಮಾತ್ರ ನೋಡು. ದೊಡ್ಡವರು ಅವನಿಗೆ ಏನನ್ನೂ ಬಿಡಿಸಿ ಹೇಳುವುದಿಲ್ಲ. ಅವನು ನೋಡುತ್ತಾ, ಕಾಯುತ್ತಾ, ಹೆದರುತ್ತಾ ಇರುತ್ತಾನೆ. ಅವನ ಜೊತೆ ನಾವೂ ಕಾಯಬೇಕು. ಚಿತ್ರ ನಿಧಾನ ಇರುವುದು ಅದಕ್ಕೇ.

ಈಗ ಅಮ್ಮನ ವಿಷಯ. ಇದನ್ನು ಹೇಳಲೆಂದೇ ಬರೆಯಲು ಕೂತದ್ದು.

ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ತೊಡೆಯ ಮೇಲೆ ಅರಳೆ, ಪಕ್ಕದಲ್ಲಿ ಸ್ಟೀಲ್ ಡಬ್ಬಿ. ಚಿತ್ರ ನೋಡುತ್ತಿದ್ದಾಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕೈ ತನ್ನ ಪಾಡಿಗೆ ನಡೆಯುತ್ತಿತ್ತು. ನೀವೆಲ್ಲ ಎದ್ದಾಗಲೂ ನಡೆಯುತ್ತಿತ್ತು. ಚಿತ್ರದಲ್ಲಿ ಯಮುನಾಳ ಶ್ರಾದ್ಧ ಶುರುವಾದಾಗ ನಿಂತಿತು. ಅರ್ಧ ಹೊಸೆದ ಬತ್ತಿ ಬೆರಳಿನ ಮಧ್ಯೆ ಹಾಗೇ ಇತ್ತು. ಯಮುನಾ ಮರದ ಕೆಳಗೆ ಕೂತದ್ದು ಬಂದಾಗ ಅಮ್ಮ ಹೇಳಿದಳು, ಸಣ್ಣತ್ತೆ ಹೀಗೇ ಕೂರುತ್ತಿದ್ದಳು, ಬಚ್ಚಲಕಟ್ಟೆಯ ಹತ್ತಿರ, ಅಂತ.

ಸಣ್ಣತ್ತೆ ಯಾರು ಅಂತ ಚಿಕ್ಕವರಿಗೆ ಗೊತ್ತಿಲ್ಲ. ನಮ್ಮ ಅಜ್ಜನ ತಂಗಿ. ಹನ್ನೆರಡನೇ ವಯಸ್ಸಿಗೆ ಗಂಡ ಹೋದ. ಅವನ ಮುಖ ಅವಳಿಗೆ ಸರಿಯಾಗಿ ನೆನಪೂ ಇರಲಿಲ್ಲವಂತೆ. ಅಲ್ಲಿಂದ ಸಾಯುವವರೆಗೆ ಕೆಂಪು ಸೀರೆ, ಬೋಳು ತಲೆ, ಕೊಟ್ಟಿಗೆ ಪಕ್ಕದ ಕತ್ತಲೆ ಕೋಣೆ. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲಿಗೆ ಬರುತ್ತಿದ್ದ. ಅವಳು ಮಣೆ ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಆ ಹೊತ್ತು ಹಿತ್ತಲ ಬಾಗಿಲು ಮುಚ್ಚಿರುತ್ತಿತ್ತು. ಯಾರಾದರೂ ಒಳ್ಳೇ ಕೆಲಸಕ್ಕೆ ಹೊರಟರೆ ಅವಳೇ ಒಳಗೆ ಸರಿದುಬಿಡುತ್ತಿದ್ದಳು, ಎದುರಿಗೆ ಬರಬಾರದು ಅಂತ. ಅವಳು ಹಾಕಿದ ಅಪ್ಪೆಮಿಡಿ ಮಾತ್ರ ಎಲ್ಲರ ಎಲೆಗೂ ಬೇಕಿತ್ತು.

ಮತ್ತೆ ಜಡೆ. ಇದು ನನಗೇ ನೆನಪಿದೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಜಡೆ ಹಾಕುತ್ತಿದ್ದವಳು ಅವಳೇ. ಸೊಂಟದಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡಿರುತ್ತಿದ್ದಳು. ಶಾಲೆಗೆ ಹೋಗುವ ಮುಂಚೆ ನಾವು ಸಾಲಾಗಿ ಅವಳ ಮುಂದೆ ಕೂರುತ್ತಿದ್ದೆವು. ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಒಂದು ಕೂದಲೂ ಎಳೆಯದ ಹಾಗೆ ಹೆಣೆಯುತ್ತಿದ್ದಳು. ಮುಗಿದ ಮೇಲೆ ಜಡೆಯನ್ನು ಅಂಗೈಯಲ್ಲಿ ಒಂದು ಕ್ಷಣ ಹಿಡಿದು ಬಿಡುತ್ತಿದ್ದಳು. ಆ ಒಂದು ಕ್ಷಣದಲ್ಲಿ ಅವಳಿಗೆ ಏನನ್ನಿಸುತ್ತಿತ್ತೋ ಅಂತ ಈ ಐವತ್ತು ವರ್ಷದಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಭಾನುವಾರ ರಾತ್ರಿ ಅದನ್ನೇ ಯೋಚಿಸುತ್ತಾ ಮಲಗಿದ್ದೆ, ನಿದ್ದೆ ಬರಲಿಲ್ಲ.

ಅವಳು ಯಮುನಾಳ ಹಾಗೆ ಏನೂ ಮಾಡಿದವಳಲ್ಲ. ಅವಳನ್ನು ನಾವು ಹೊರಗೂ ಹಾಕಲಿಲ್ಲ. ಅನ್ನ, ಬಟ್ಟೆ ಕೊಟ್ಟೆವು. ಆದರೂ ಅಮ್ಮ ಹೇಳಿದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ ಒಂದು ದಿನ ಅವಳ ಪಕ್ಕ ಕೂತು ಊಟಕ್ಕೆ ಎಲೆ ಹಾಕಿಕೊಂಡಳಂತೆ. ಸಣ್ಣತ್ತೆ ಗಾಬರಿಯಾಗಿ, ಏಳು ಮಾರಾಯ್ತಿ, ಯಾರಾದರೂ ನೋಡಿದರೆ ನಿನ್ನನ್ನು ಬೈತಾರೆ ಅಂದಳಂತೆ. ಅಮ್ಮ ಎದ್ದಳು. ಏಳಬಾರದಿತ್ತು, ನಾನು ಏಳಬಾರದಿತ್ತು ಅಂತ ಭಾನುವಾರ ಮೂರು ಸಲ ಹೇಳಿದಳು. ಅಮ್ಮನಿಗೆ ಈಗ 86 ವರ್ಷ. ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದು ಒಂದು ಚಿತ್ರ ನೋಡಿ ಹೊರಗೆ ಬಂತು.

ಹಳೇ ಗಾಯ ಅಂದಿರಿ ಭಾವ. ಸಣ್ಣತ್ತೆ ಹೋಗಿ ಮೂರು ವರ್ಷಕ್ಕೆ ಈ ಚಿತ್ರ ಬಂತು. ಅಷ್ಟು ಹತ್ತಿರದ ಮಾತು. ನಮ್ಮ ಮನೆಯಲ್ಲಿ ಅವಳ ಒಂದು ಫೋಟೋ ಇಲ್ಲ. ಅಜ್ಜನದ್ದಿದೆ, ಅಜ್ಜಿಯದ್ದಿದೆ, ದೊಡ್ಡಣ್ಣನ ಉಪನಯನದ ಗ್ರೂಪ್ ಫೋಟೋದಲ್ಲಿ ಮೂವತ್ತು ಜನ ಇದ್ದಾರೆ. ನಿನ್ನೆ ಕನ್ನಡಕ ಹಾಕಿಕೊಂಡು ಒಂದೊಂದೇ ಮುಖ ನೋಡಿದೆ. ಅವಳಿಲ್ಲ. ಅವತ್ತು ಅವಳು ಮನೆಯಲ್ಲೇ ಇದ್ದಳು, ಅಡುಗೆ ಮನೆಯಲ್ಲಿ.

ಚಿಕ್ಕಪ್ಪ, ನಿಮಗೆ ನೋವು ಮಾಡಬೇಕು ಅಂತ ಬರೆದಿಲ್ಲ. ಸಣ್ಣತ್ತೆ ಜಾಸ್ತಿ ಎತ್ತಿ ಆಡಿಸಿದ್ದು ನಿಮ್ಮನ್ನೇ ಅಂತ ಅಮ್ಮ ಹೇಳುತ್ತಾಳೆ. ಅವಳ ತಿಥಿ ನಿಮಗೆ ನೆನಪಿದ್ದರೆ ಹೇಳಿ. ಅಮ್ಮನಿಗೆ ಮಾಘ ಮಾಸ ಅಂತ ಮಾತ್ರ ಗೊತ್ತು, ತಿಥಿ ಗೊತ್ತಿಲ್ಲ. ಈ ವರ್ಷ ಅವಳ ಹೆಸರಿನಲ್ಲಿ ನಾಲ್ಕು ಜನಕ್ಕೆ ಊಟ ಹಾಕಬೇಕು, ಅಪ್ಪೆಮಿಡಿ ಬಡಿಸಬೇಕು ಅಂತ ಅಮ್ಮನ ಆಸೆ. ಅವಳ ಬಗ್ಗೆ ಯಾರಿಗೆ ಏನೇ ನೆನಪಿದ್ದರೂ, ಸಣ್ಣ ವಿಷಯವಾದರೂ ಸರಿ, ಇಲ್ಲೇ ಬರೆಯಿರಿ. ನಾನು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಮುಂದಿನ ಭಾನುವಾರ ಮೂರು ಗಂಟೆಗೆ ಅಮ್ಮ ಚಿತ್ರವನ್ನು ಮೊದಲಿನಿಂದ ಇನ್ನೊಮ್ಮೆ ನೋಡುತ್ತಾಳಂತೆ. ಅವಳೇ ಹೇಳಿದ್ದು. ಹುಡುಗನಿಗೆ ಬಂದು ಹಾಕಿಕೊಡಲು ಹೇಳಿದ್ದೇನೆ. ಚಿಕ್ಕಪ್ಪ, ನೀವು ಬಂದರೆ ಅಮ್ಮನ ಪಕ್ಕದ ಕುರ್ಚಿ ನಿಮಗೆ.