ಎಸಿ ಪೈಪಿಗೆ ವ್ಯಾಕ್ಯೂಮ್ ಮಾಡದೆ ಗ್ಯಾಸ್ ಬಿಡಬಹುದಾ?

ಸೋಲಾಪುರ ರಸ್ತೆ, ವಿಜಯಪುರ:
ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಪ್ಪನಿಗೆ ರಾತ್ರಿ ನಿದ್ದೆಯೇ ಇಲ್ಲ. ಅವರ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ತಂದಿದ್ದೇವೆ, ಆರ್32 ಗ್ಯಾಸಿನದು. ಕೋಣೆ ಕೆಳಗಿದೆ, ಔಟ್‌ಡೋರ್ ಯೂನಿಟ್ ಮಾಳಿಗೆ ಮೇಲೆ. ಜೊತೆಗೆ ಬಂದ 3 ಮೀಟರ್ ಪೈಪ್ ಸಾಲುವುದಿಲ್ಲ, 7 ಮೀಟರ್ ಬೇಕು. ಇನ್ನೊಂದು ತುಂಡು ಬೆಸೆದು ಗೋಡೆಯೊಳಗೆ ಮುಚ್ಚೋಣ ಅಂತಾರೆ ಫಿಟ್ಟರ್. ಪೈಪಿನೊಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಬೇಡ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದರೆ ಸಾಕಂತೆ. ಒಪ್ಪಿಕೊಳ್ಳಲಾ?

ನವನಗರ ಫಿಟ್ಟರ್, ಬಾಗಲಕೋಟೆ:
ಒಪ್ಪಬೇಡಿ ರೀ. ನಾನು ಇದೇ ಕೆಲಸದವನು. ಗ್ಯಾಸ್ ಬಿಟ್ಟರೆ ಗಾಳಿ ಸ್ವಲ್ಪ ಹೋಗಬಹುದು, ಪೈಪಿನೊಳಗಿನ ತೇವ ಹೋಗುವುದಿಲ್ಲ. ಆರ್32 ಕಂಪ್ರೆಸರ್‌ನ ಆಯಿಲ್ ತೇವವನ್ನು ಬೇಗ ಹೀರುತ್ತದೆ. ಮುಂದೆ ಅದೇ ಆಸಿಡ್ ಆಗಿ ಕಂಪ್ರೆಸರ್ ಮೋಟಾರಿನ ತಂತಿ ಸುರುಳಿ (ವೈಂಡಿಂಗ್) ತಿನ್ನುತ್ತದೆ. ಎಸಿ ಮೊದಲ ಬೇಸಿಗೆಯಲ್ಲಿ ಚೆನ್ನಾಗೇ ನಡೆಯುತ್ತದೆ, ಅದಕ್ಕೇ ಜನ ನಂಬಿಬಿಡುತ್ತಾರೆ. ಪಂಪ್ ಹಚ್ಚಿ ಒತ್ತಡ ಇಳಿಸಿದರೆ ಒಳಗಿನ ನೀರು ಒಲೆಯಿಲ್ಲದೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ವ್ಯಾಕ್ಯೂಮ್ ಅಳೆಯುವ ಗೇಜ್‌ನಲ್ಲಿ ಅಂಕಿ 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗಿಳಿದ ಮೇಲೆ ಪಂಪ್ ಕಡೆಯ ವಾಲ್ವ್ ಮುಚ್ಚಿ ಕಾಯಬೇಕು. ಅಂಕಿ ಏರುತ್ತಲೇ ಹೋದರೆ ಎಲ್ಲೋ ಲೀಕ್ ಇದೆ, ಇಲ್ಲವೇ ತೇವ ಉಳಿದಿದೆ. ಇನ್ನೊಂದು, ಆರ್32 ಬೆಂಕಿ ಹಿಡಿಯುವ ಗ್ಯಾಸ್. ಅದನ್ನು ಸುಮ್ನೆ ಹೊರಗೆ ಬಿಡುವುದೇ ತಪ್ಪು.

ಲೀಕ್ ನೋಡುವುದು ವ್ಯಾಕ್ಯೂಮಿಗಿಂತ ಮೊದಲು. ನೈಟ್ರೋಜನ್ ತುಂಬಿ ನಟ್ಟುಗಳಿಗೆ ಸೋಪಿನ ನೀರು ಹಚ್ಚಬೇಕು. ಯಾರಾದರೂ ಆಕ್ಸಿಜನ್ ಸಿಲಿಂಡರ್ ತಂದರೆ ಬಾಗಿಲಿಂದಲೇ ವಾಪಸ್ ಕಳಿಸಿ. ಆಯಿಲ್ ಜೊತೆ ಅದು ಸೇರಿದರೆ ಸ್ಫೋಟ ಆಗುತ್ತದೆ, ಜೀವ ಹೋಗುತ್ತದೆ.

ಜೋಡಣೆಯೇ ಬೇಡ. 7 ಮೀಟರ್‌ನ ಅಖಂಡ ಪೈಪ್ ತರಿಸಿ. ನಿಮ್ಮ ಎಸಿಗೆ ಸಾಮಾನ್ಯವಾಗಿ ಕಾಲು ಇಂಚಿನದೊಂದು, ಅರ್ಧ ಇಂಚಿನದೊಂದು, ಹೀಗೆ ಎರಡು ಪೈಪ್ ಬರುತ್ತದೆ, ಆದರೂ ಕೈಪಿಡಿ ನೋಡಿಯೇ ಕೊಳ್ಳಿ. ಕತ್ತರಿಸಿದ ಮೇಲೆ ಪೈಪಿನ ಬಾಯಿ ಕೆಳಗೆ ಮಾಡಿ ಅಂಚು ಕೆರೆಯಬೇಕು, ಇಲ್ಲದಿದ್ದರೆ ತಾಮ್ರದ ಚೂರು ಒಳಗೆ ಬೀಳುತ್ತದೆ. ಪೈಪಿನ ಅಗಲಿಸಿದ ಬಾಯಿ (ಫ್ಲೇರ್) ಹಿಡಿಯುವ ಫ್ಲೇರ್ ನಟ್ ಅನ್ನು ಟಾರ್ಕ್ ಪಾನಾದಿಂದಲೇ, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾದಿಂದಲೇ ಬಿಗಿಯಬೇಕು. ಜಾಸ್ತಿ ತಿರುವಿದರೆ ಫ್ಲೇರ್ ಬಿರುಕು ಬಿಡುತ್ತದೆ.

ಟಿಳಕವಾಡಿ, ಬೆಳಗಾವಿ:
ನಮ್ಮ ಕಡೆ ಮಳೆ ಜಾಸ್ತಿ, ಅದಕ್ಕೆ ಹೇಳ್ತೀನಿ. ಮಾಳಿಗೆಯಿಂದ ಇಳಿಯುವ ಪೈಪ್ ಹಿಡಿದುಕೊಂಡೇ ನೀರು ಕೋಣೆಗೆ ಬರುತ್ತದೆ. ಗೋಡೆ ಒಳಗೆ ಹೋಗುವ ಮುಂಚೆ ಪೈಪನ್ನು ರಂಧ್ರಕ್ಕಿಂತ ಕೆಳಗೆ ಬಾಗಿಸಿ ಮೇಲೆತ್ತಿ. ರಂಧ್ರವೂ ಹೊರಗಡೆ ಇಳಿಜಾರಾಗಿರಲಿ.

ಸೋಲಾಪುರ ರಸ್ತೆ, ವಿಜಯಪುರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಪೈಪಿಗೆ ಸೇರಿಸಿ ಒಂದೇ ಫೋಮ್ ಸುತ್ತಬಹುದಾ? ಉದ್ದ ಜಾಸ್ತಿ ಆಗಿದ್ದಕ್ಕೆ ಗ್ಯಾಸ್ ಹಾಕಿಸಬೇಕಾ?

ನವನಗರ ಫಿಟ್ಟರ್, ಬಾಗಲಕೋಟೆ:
ಬೇರೆ ಬೇರೆ ಸುತ್ತಿಸಿ. ಇಂಥ ಎಸಿಯಲ್ಲಿ ಸಣ್ಣ ಪೈಪೂ ತಣ್ಣಗಾಗುತ್ತದೆ. ಮಾಳಿಗೆ ಮೇಲೆ ಬಿಸಿಲಿಗೆ ಫೋಮ್ ಪುಡಿಯಾಗುತ್ತದೆ, ಅಲ್ಲಿ ಪಿವಿಸಿ ಡಕ್ಟ್ ಹಾಕಿಸಿ. ಎಸಿಯಲ್ಲೇ ತುಂಬಿ ಬಂದ ಗ್ಯಾಸ್ ಎಷ್ಟು ಮೀಟರ್ ಪೈಪಿನವರೆಗೆ ಸಾಕು, ಮೇಲಿನ ಪ್ರತಿ ಮೀಟರ್‌ಗೆ ಎಷ್ಟು ಗ್ರಾಂ ಅಂತ ಕೈಪಿಡಿಯಲ್ಲಿ ಇರುತ್ತದೆ. ಬೇಕಾದರೆ ತಕ್ಕಡಿ ಮೇಲೆ ತೂಗಿಯೇ ಹಾಕಿಸಿ, ಅಂದಾಜಿನ ಮೇಲೆ ಬೇಡ.